ಕುಂಕುಮ ಹಚ್ಚಿದ ಮೈಕ್ರೋಸ್ಕೋಪು

ನನ್ನ ಮೊಮ್ಮಗಳು ಗಿರಿಜ ತನ್ನ ಕಾಲೇಜಿನ ಮಾನವನ್ನು ಫಾರಿನ್ನಿನವನೊಬ್ಬನ ಎದುರು ಹರಾಜು ಹಾಕಿದಳಂತೆ. ಪ್ರಿನ್ಸಿಪಾಲರು ನನ್ನನ್ನು ಕರೆಸಿ ಹೇಳಿದರು. ತಲೆ ತಗ್ಗಿಸಿಕೊಂಡು ಕೇಳಿದೆ. ಹೊರಗೆ ಬಂದವನೇ ಮೈಸೂರುಪಾಕು ಕಟ್ಟಿಸಿಕೊಂಡು ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಬೀದಿಗೆಲ್ಲ ಹಂಚಿದೆ.

‘ಏನ್ ತಾತ, ಮೊಮ್ಮಗಳಿಗೆ ಗಂಡು ಗೊತ್ತಾಯ್ತಾ?’

‘ಇಲ್ಲ ಕಣ್ರಪ್ಪ, ಅವ್ಳು ಮೈಕ್ರೋಸ್ಕೋಪಲ್ಲಿ ನೋಡಿದ್ಲು!’

ತಿಂದವರು ಮುಖ ಮುಖ ನೋಡಿಕೊಂಡರು.

ಇದು ಹೋದ ತಿಂಗಳ ಮಾತು. ಆ ಹಿಗ್ಗು ಇನ್ನೂ ಇಳಿದಿಲ್ಲ. ಆದರೆ ಇವತ್ತು ಬರೆಯುತ್ತಿರುವುದು ಹೊಟ್ಟೆ ಉರಿದು. (ಚರಂಡಿ ಬಗ್ಗೆ ಬರೀರಿ ಎಂದು ನಾನು ಬರೆಯುವ ಪೇಪರಿನ ಸಂಪಾದಕರು ಹೇಳಿದ್ದರು. ಚರಂಡಿ ಎಲ್ಲಿಗೆ ಹೋಗುತ್ತೆ? ಅಲ್ಲೇ ಕಟ್ಟಿಕೊಂಡಿರುತ್ತೆ.)

ನಾನು ಓದಿದ್ದು ಗುಬ್ಬಿಯಲ್ಲಿ ನಾಲ್ಕನೇ ಕ್ಲಾಸು. ಆಮೇಲೆ ಬದುಕೆಲ್ಲ ಹಿಟ್ಟಿನ ಮಿಲ್ಲಿನಲ್ಲೇ ಕಳೆಯಿತು. ಗಿರಿಜ ನಮ್ಮ ಮನೆಯಲ್ಲಿದ್ದುಕೊಂಡು ಬಿ.ಎಸ್ಸಿ. ಓದುತ್ತಿದ್ದಾಳೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು. ಮೊದಲ ಗಂಡೂ ಅವಳೇ ಅನ್ನಿ. ಅವಳಿಗಿಂತ ಮುಂಚೆ ಯಾರೂ ಹತ್ತಿಲ್ಲ.

ಅವಳ ಅಪ್ಪನ ಊರು ಕುಣಿಗಲ್ ಹತ್ತಿರ. ರೇಷ್ಮೆ ಸಾಕುವ ಮನೆ. ಅವಳ ದೊಡ್ಡಪ್ಪನ ಹುಳುಗಳು ಗಂಟುರೋಗ ಬಂದು ಮೇಲಿಂದ ಮೇಲೆ ಗುಂಡಿಗೆ ಬಿದ್ದವು. ಈ ಹುಡುಗಿ ಪುಸ್ತಕ ಹುಡುಕಿ ಓದಿದಳು. ಆ ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಇಳಿಯುತ್ತದಂತೆ. ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು, ಒಂದು ಹನಿಯನ್ನು ಒಳ್ಳೆ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ರೋಗ ಕಾಣುತ್ತದಂತೆ. ಕಂಡರೆ ಆ ಚಿಟ್ಟೆಯ ಮೊಟ್ಟೆಗಳನ್ನು ಸುಟ್ಟುಬಿಡಬೇಕು. ಉಳಿದವು ಬದುಕಿಕೊಳ್ಳುತ್ತವೆ.

ಸರ್ಕಾರದವರು ನೋಡಿಯೇ ಮೊಟ್ಟೆ ಕೊಡ್ತಾರಲ್ಲ ಅಂತೀರಾ? ಅವರದ್ದನ್ನು ಅವರು ನೋಡುತ್ತಾರೆ. ದೊಡ್ಡಪ್ಪ ಮನೆಯಲ್ಲೇ ಇಡಿಸಿದ ಮೊಟ್ಟೆಯನ್ನು ಯಾರು ನೋಡಬೇಕು?

‘ನಾನು ನೋಡ್ತೀನಿ’ ಅಂದಳು ಗಿರಿಜ. ಮೊಟ್ಟೆ ಇಟ್ಟು ಸತ್ತ ಚಿಟ್ಟೆಗಳನ್ನು ಒಂದೊಂದು ಬೆಂಕಿಪೊಟ್ಟಣದಲ್ಲಿ ಹಾಕಿ, ಯಾವ ಮೊಟ್ಟೆಗೆ ಯಾವ ತಾಯಿ ಎಂದು ಗುರುತು ಬರೆದು, ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ತಂದಳು. ಮೊಟ್ಟೆ ಒಡೆದು ಹುಳು ಆಚೆ ಬರುವುದರೊಳಗೆ ನೋಡಿ ಮುಗಿಸಬೇಕು. ದಿನ ಹೆಚ್ಚಿರಲಿಲ್ಲ.

ಕಾಲೇಜಿನಲ್ಲಿ ಮಕ್ಕಳಿಗೆ ಕೊಡುವ ಮೈಕ್ರೋಸ್ಕೋಪುಗಳು ನನ್ನ ಕಣ್ಣಿನಂಥವು. ಎಲ್ಲ ಮಂಜು ಮಂಜು. ಆದರೆ ಒಂದು ದೊಡ್ಡದಿದೆ, ಸ್ವಿಟ್ಜರ್ಲೆಂಡಿನದು. ಬಂದ ದಿನದಿಂದ ಬೀರುವಿನಲ್ಲೇ ಇದೆ. ವರ್ಷಕ್ಕೊಂದು ಸಲ ಆಯುಧಪೂಜೆಗೆ ಬೀಗ ತೆಗೆಯುತ್ತಾರೆ. ಕುಂಕುಮ, ವಿಭೂತಿ, ಹೂವು, ಮಂಗಳಾರತಿ. ಆಮೇಲೆ ಬೀಗ.

ಗಿರಿಜ ಕೇಳಿದಳು. ಅಟೆಂಡರ್ ಕೆಂಪಣ್ಣ ಕೈ ಅಡ್ಡ ಇಟ್ಟ. ‘ಮುಟ್ಬೇಡ ಕಣವ್ವ! ಒಡ್ದೋದ್ರೆ ನಿಮ್ಮಪ್ಪ ತಂದ್ಕೊಡ್ತಾನಾ?’ ಲೆಕ್ಚರರನ್ನು ಕೇಳಿದಳು. ‘ಎಕ್ಸಾಮಿಗೆ ಬರೋದನ್ನ ಓದಮ್ಮ ಮೊದ್ಲು’ ಎಂದರು. ಪ್ರಿನ್ಸಿಪಾಲರ ಬಾಗಿಲಿಗೆ ಹೋದಳು. ಮೀಟಿಂಗಿನಲ್ಲಿದ್ದರು. ಯಾವಾಗ ಹೋದರೂ ಮೀಟಿಂಗು.

ಅಷ್ಟರಲ್ಲಿ ದೇವರು ಕಳಿಸಿದ ಹಾಗೆ ಒಬ್ಬ ಬಂದ. ಇಲ್ಲೇ ನಮ್ಮೂರ ಸತ್ಯಮಂಗಲದ ವರ್ಕ್‌ಶಾಪಿಗೆ ಮಿಷನ್ ಕೂರಿಸಲು ಬಂದಿದ್ದ ಸ್ವಿಟ್ಜರ್ಲೆಂಡಿನ ಎಂಜಿನಿಯರು. ನಮ್ಮವರು ಬಿಡುತ್ತಾರೆಯೇ? ಕಾಲೇಜಿಗೆ ಕರೆದು ಹಾರ, ಶಾಲು, ಪೇಟ. ‘ಪ್ರೆಸ್ಸಿನವರು’ ಎಂದು ನನಗೂ ಕುರ್ಚಿ ಹಾಕಿದ್ದರು.

ಆ ಮನುಷ್ಯ ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದ. ಲೆಕ್ಚರರು ಕನ್ನಡ ಮಾಡಿದರು. ‘ನಿಮ್ಮ ಆತಿಥ್ಯ ಬಹಳ ಚೆನ್ನಾಗಿದೆ ಅಂತಾರೆ.’

ಹಿಂದಿನ ಬೆಂಚಿನಿಂದ ಗಿರಿಜ ನನ್ನ ಕಿವಿಗೆ ಬಗ್ಗಿದಳು. ‘ಅಷ್ಟೇ ಅಲ್ಲ ತಾತ. ಅವ್ರ ದೇಶ ನಮ್ ತುಮಕೂರಿನಂಥ ನಾಕು ಜಿಲ್ಲೆಯಷ್ಟೇ ಅಂತೆ. ಸಮುದ್ರ ಇಲ್ಲ, ಕಲ್ಲಿದ್ದಲು ಇಲ್ಲ, ಇರೋದು ಬರೀ ಬೆಟ್ಟ. ಅದಕ್ಕೆ ತಲೇನ ನಂಬ್ಕೊಂಡ್ವಿ ಅಂತಾನೆ. ಔಷಧಿ ಕಂಪನಿಯವ್ರು ಪ್ರೊಫೆಸರ ಹತ್ರ ಹೋಗಿ ಕೂತ್ಕೊತಾರಂತೆ, ಪ್ರೊಫೆಸರು ಫ್ಯಾಕ್ಟರಿಗೆ ಬರ್ತಾರಂತೆ. ಇವನು ಸ್ಕೂಲಲ್ಲಿ ಒಂದು ಮೈಕ್ರೋಸ್ಕೋಪು ಬೀಳಿಸಿ ಒಡೆದ್ನಂತೆ.’

‘ಹೊಡೆದ್ರಂತಾ?’

‘ಇಲ್ಲ. ರಿಪೇರಿ ಮಾಡೋನ ಪಕ್ಕ ಕೂರಿಸಿದ್ರಂತೆ. ಅಲ್ಲೇ ಎಂಜಿನಿಯರ್ ಆಗೋ ಹುಚ್ಚು ಹಿಡೀತಂತೆ.’

ಕೊನೆಗೆ ಅವನು ಕೇಳಿದ್ದೊಂದೇ. ‘ನಿಮ್ಮಲ್ಲಿ ನಮ್ಮ ದೇಶದ ಮೈಕ್ರೋಸ್ಕೋಪು ಇದೆಯಂತಲ್ಲ, ನೋಡಬಹುದೇ?’

ಬೀಗ ತೆಗೆದರು. ಕಣ್ಣಿಡುವ ಕಡೆ ಕುಂಕುಮ. ಕೆಳಗಿನ ಗಾಜಿನ ಮೇಲೆ ಒಣಗಿದ ಗಂಧ. ಕುತ್ತಿಗೆಗೆ ಹೋದ ವರ್ಷದ ಸೇವಂತಿಗೆ. ಅವನು ಪಾಪ, ಮರ್ಯಾದೆಗೆ ಕೈಯನ್ನೂ ಮುಗಿದ. ಆಮೇಲೆ ಕೇಳಿದ, ‘ಇದರಲ್ಲಿ ಏನೇನು ನೋಡಿದ್ದೀರಿ?’

‘ಬಹಳ ಜೋಪಾನವಾಗಿ ಇಟ್ಟಿದೀವಿ’ ಎಂದರು ಪ್ರಿನ್ಸಿಪಾಲರು.

ಗಿರಿಜ ಎದ್ದಳು. ತನಗೆ ಬಂದ ಇಂಗ್ಲಿಷಿನಲ್ಲೇ ಹೇಳಿದಳು. ‘ಯಾರೂ ನೋಡಿಲ್ಲ ಸರ್. ಕೇಳಿದ್ರೆ ತೆಗೆಯೋದಿಲ್ಲ. ಇವತ್ತು ನಾನು ನೋಡ್ಲಾ?’ ಚೀಲದಿಂದ ಬೆಂಕಿಪೊಟ್ಟಣಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು!

ಅವನು ಶಾಲು ತೆಗೆದಿಟ್ಟು, ತೋಳು ಮಡಿಸಿ, ತಾನೇ ಗಾಜು ಒರೆಸಿದ. ಇವಳು ಪಿಂಗಾಣಿ ಬಟ್ಟಲಲ್ಲಿ ಒಂದು ಚಿಟ್ಟೆ ಅರೆದು, ಹನಿ ಇಟ್ಟು, ಕಣ್ಣಿಟ್ಟಳು. ಎಷ್ಟೋ ಹೊತ್ತು ತಲೆ ಎತ್ತಲಿಲ್ಲ.

‘ತಾತ, ಬಾ ನೋಡು.’

ನೋಡಿದೆ. ಸಜ್ಜೆಕಾಳಿನಂಥವು, ಮಿಣ ಮಿಣ ಹೊಳೆಯುತ್ತಾ ತುಂಬಿಕೊಂಡಿದ್ದವು.

‘ಅದೇ ರೋಗ’ ಅಂದಳು.

ರೋಗ ಕಂಡು ಇಷ್ಟು ಹಿಗ್ಗಿದವನು ಭೂಮಿ ಮೇಲೆ ನಾನೊಬ್ಬನೇ ಇರಬೇಕು.

ಇನ್ನೊಂದು ಪೊಟ್ಟಣಕ್ಕೆ ಕೈ ಹಾಕುವಷ್ಟರಲ್ಲಿ ಪ್ರಿನ್ಸಿಪಾಲರು ಗಡಿಯಾರ ನೋಡಿದರು. ಕ್ಯಾತ್ಸಂದ್ರದಲ್ಲಿ ಅತಿಥಿಗೆ ತಟ್ಟೆ ಇಡ್ಲಿ ಏರ್ಪಾಡಾಗಿತ್ತು. ‘ಇಡ್ಲಿ ಆರೋಗುತ್ತೆ, ಮಿಕ್ಕಿದ್ದು ನಾಳೆ ನೋಡ್ಕೊಳಮ್ಮ.’ ಎಲ್ಲರೂ ಕಾರು ಹತ್ತಿದರು.

ಮಾರನೇ ದಿನ ಬೀರುವಿಗೆ ಹೊಸ ಬೀಗ. ನನಗೆ ಬುಲಾವು.

‘ಏನ್ರೀ ಯಜಮಾನ್ರೆ, ಫಾರಿನರ್ ಮುಂದೆ ನಮ್ಮ ಮಾನ ಕಳೆದ್ಲಲ್ಲ! ಇದನ್ನ ನನ್ನ ಕಿವೀಲಿ ಹೇಳಿದ್ರೆ ಆಗ್ತಿರ್ಲಿಲ್ವಾ?’

‘ಬಾಗಿಲ ಹತ್ರ ಬಂದು ಬಂದು ಹೋದ್ಲಂತೆ ಸ್ವಾಮಿ’ ಅಂದೆ. ಕೀಲಿ ಮೇಜಿನ ಮೇಲೇ ಇತ್ತು. ಅವರು ಅದನ್ನು ಡ್ರಾಯರಿಗೆ ಹಾಕಿಕೊಂಡರು.

ಆವತ್ತು ಮೈಸೂರುಪಾಕು ಹಂಚುವಾಗ ನನಗೆ ಇನ್ನೂ ಆಸೆಯಿತ್ತು. ಸಿಟ್ಟು ಇಳಿದರೆ ಕೀಲಿ ಕೊಡುತ್ತಾರೆ ಎಂದುಕೊಂಡಿದ್ದೆ. ಕೊಡಲಿಲ್ಲ. ಉಳಿದ ಪೊಟ್ಟಣಗಳು ನಮ್ಮ ಮನೆಯ ಗೂಡಿನಲ್ಲೇ ಉಳಿದವು. ಅತ್ತ ಕುಣಿಗಲ್ಲಿನಲ್ಲಿ ಮೊಟ್ಟೆಗಳು ಒಡೆದವು.

ರೋಗ ಕಂಡ ಚಿಟ್ಟೆಯ ಮೊಟ್ಟೆಗಳನ್ನು ದೊಡ್ಡಪ್ಪ ಸುಟ್ಟಿದ್ದ. ನೋಡದೆ ಉಳಿದದ್ದನ್ನೂ ಸುಡು ಎನ್ನಲು ಯಾರಿಗೆ ಬಾಯಿ ಬರುತ್ತದೆ? ಸಾಕಿದ. ಹುಳು ಅರ್ಧ ಬೆಳೆಯುವುದರಲ್ಲಿ ಮೈಮೇಲೆ ಕರಿಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆ. ಹುಳುವಿನ ತಟ್ಟೆ ತಟ್ಟೆಯೇ ಗುಂಡಿಗೆ ಹೋಯಿತು, ಮೇಲೆ ಸುಣ್ಣ.

ಹೋದ ಭಾನುವಾರ ನಮ್ಮ ಮನೆ ಜಗಲಿಯಲ್ಲಿ ಕೂತು ಅವನು ಬೈಯಲಿಲ್ಲ, ಕೂಗಲಿಲ್ಲ. ‘ಒಂದನ್ನ ನೋಡಿ ಸುಡು ಅಂದೆ, ಸುಟ್ಟೆ. ಮಿಕ್ಕಿದ್ನ ಯಾಕವ್ವ ನೋಡ್ನಿಲ್ಲ?’ ಅಂದ, ಅಷ್ಟೆ. ಗಿರಿಜ ಒಳಗೆ ಹೋಗಿ ಪೊಟ್ಟಣಗಳನ್ನು ಒಲೆಗೆ ಹಾಕಿದಳು. ಈಗ ಅವಳು ಎಕ್ಸಾಮಿಗೆ ಬರುವುದನ್ನೇ ಓದುತ್ತಿದ್ದಾಳೆ.

ನಾನೂ ಮಿಲ್ಲಿಗೆ ವರ್ಷಾವರ್ಷ ಕುಂಕುಮ ಇಟ್ಟವನೇ. ಪೂಜೆಯ ದಿನ ಬೆಲ್ಟು ಬಿಚ್ಚಿಡುತ್ತಿದ್ದೆ. ಮಾರನೇ ಬೆಳಿಗ್ಗೆ ಅದೇ ಮಿಷನ್ನು ಗಡಗಡ ಅಂತ ಊರಿನ ರಾಗಿ ಬೀಸುತ್ತಿತ್ತು. ಬೀಸದ ಮಿಲ್ಲಿಗೆ ಪೂಜೆ ಯಾಕೆ? ಆ ದೇಶಕ್ಕೆ ಬೆಟ್ಟ ಬಿಟ್ಟರೆ ಏನೂ ಇಲ್ಲವಂತೆ. ನಮಗೇನು ಕಮ್ಮಿ? ಮಿಷನ್ನು ಬಂದು ಕೂತಿದೆ. ತಲೆ ಇರುವ ಹುಡುಗಿ ನಮ್ಮ ಮನೆಯಲ್ಲೇ ಇದ್ದಾಳೆ. ನಡುವೆ ಇರುವುದು ಒಂದು ಬೀರುವಿನ ಬಾಗಿಲು. ಅದನ್ನು ತೆಗೆಸಲು ನಾವು ಪ್ರತಿ ಸಲವೂ ಸ್ವಿಟ್ಜರ್ಲೆಂಡಿನಿಂದ ಜನ ಕರೆಸಬೇಕೇ?

ಮೊನ್ನೆ ಆಯುಧಪೂಜೆ ಆಯಿತು. ಪ್ರಸಾದ ಕೊಡಲು ಬಂದ ಕೆಂಪಣ್ಣ ಹೇಳಿದ. ಈ ಸಲ ಬೀರುವಿನ ಬಾಗಿಲನ್ನೇ ತೆಗೆಯಲಿಲ್ಲವಂತೆ, ಬೀಗಕ್ಕೇ ಕುಂಕುಮ ಇಟ್ಟರಂತೆ.