64ಕ್ಕಿಂತ 86 ದೊಡ್ಡದು ಎಂದುಕೊಂಡೆ

ಹೊಸ ಸಾಫ್ಟ್‌ವೇರ್ ಹಾಕಿ ಮುಗಿಸಿದೆ. ಹಳೆಯದು ತೆರೆಯಲೇ ಇಲ್ಲ.

ನಾನು ಖಾನಾಪುರದ ಒಂದು ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿಯಲ್ಲಿದ್ದೇನೆ. ಮೊದಲು ಬ್ಲೌಸಿನ ಕಸೂತಿಯ ಹಿಂದೆ ಉಳಿದ ದಾರ ಕತ್ತರಿಸುತ್ತಿದ್ದೆ. ಎಂಟು ತಿಂಗಳ ಹಿಂದೆ ಮಾಲಕಿ ಶೋಭಾ ವೈನಿ ನನ್ನನ್ನು ಕಂಪ್ಯೂಟರ್ ಮುಂದೆ ಕೂರಿಸಿದರು.

ಒಂದು ವಿಷಯ ಮಾತ್ರ ಅವರಿಗೆ ಹೇಳಿರಲಿಲ್ಲ. ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ.

ಐದನೇ ತರಗತಿಗೇ ಶಾಲೆ ಬಿಟ್ಟವಳು... ಯಾವ ಬಟನ್ ಎಲ್ಲಿದೆ, ಯಾವ ಬಣ್ಣ, ಅಷ್ಟನ್ನೇ ನೆನಪಿಟ್ಟು ಕೆಲಸ ಮಾಡುತ್ತಿದ್ದೆ. ಹೇಳಿದರೆ ಮತ್ತೆ ಕತ್ತರಿ ಹಿಡಿಸುತ್ತಾರೆ ಎಂಬ ಹೆದರಿಕೆ.

ನಮ್ಮ ಹಳೆಯ ಎಂಬ್ರಾಯ್ಡರಿ ಮಶೀನ್ 32 ಬಿಟ್‌ನ ಹಳೆಯ ಸಾಫ್ಟ್‌ವೇರ್ ಇದ್ದರೆ ಮಾತ್ರ ನಡೆಯುತ್ತದೆ. ಈಗ ತಂದ ಹೊಸ ಮಶೀನಿಗೆ 64 ಬಿಟ್‌ನದು ಬೇಕು. ಎರಡೂ ಒಂದೇ ಕಂಪ್ಯೂಟರಿನಲ್ಲಿರಬೇಕು.

ಎಲ್ಲಿ ಹಾಕಲಿ ಎಂದು ನೋಡಿದೆ. ಒಂದೇ ತರಹದ ಹೆಸರಿನ ಎರಡು ಫೋಲ್ಡರ್. ಒಂದರ ಕೊನೆಗೆ ಮಾತ್ರ x86 ಎಂದಿತ್ತು.

ಅಂಕಿ ಓದಲು ಬರುತ್ತದಲ್ಲ... 64 ಹೊಸದಾದರೆ 86 ಇನ್ನೂ ಹೊಸದಿರಬೇಕು! ಕಂಪ್ಯೂಟರ್ ತಾನಾಗಿ ತೋರಿಸಿದ ಜಾಗ ಬದಲಿಸಿ ಅಲ್ಲೇ ಹಾಕಿಬಿಟ್ಟೆ. ಹಳೆಯದೂ ಅಲ್ಲೇ, ಅದೇ ಹೆಸರಿನಲ್ಲಿತ್ತು. ಹೊಸದು ಅದರ ಮೇಲೆಯೇ ಕುಳಿತಿತು.

ಭಾನುವಾರದ ಮದುವೆಯ ಬ್ಲೌಸ್ ಹಳೆಯ ಮಶೀನಿನಲ್ಲಿ ಅರ್ಧಕ್ಕೆ ನಿಂತಿತು. ಬೆಳಗಾವಿಯ ಅನಗೋಳದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಮಹಾದೇವಣ್ಣ ಫೋನಿನಲ್ಲಿ, ಸೋಮವಾರಕ್ಕಿಂತ ಮೊದಲು ಬರಲಾಗದು ಎಂದರು.

ವೈನಿ ಸಿಪಿಯುವನ್ನು ಕೌದಿಯಲ್ಲಿ ಸುತ್ತಿ ನನ್ನ ಕೈಗಿಟ್ಟು ರೈಲು ಹತ್ತಿಸಿದರು. ದೇಸೂರಿನಲ್ಲಿ ಇಳಿಯಬೇಕಿದ್ದ ಅಜ್ಜಿಯೊಬ್ಬರು ಒಳಗೆ ಕೂಸಿದೆ ಎಂದುಕೊಂಡು ಮೊದಲೇ ಎದ್ದು ಸೀಟು ಕೊಟ್ಟರು. ಅಲ್ಲ ಎನ್ನಲೂ ನಾಚಿಕೆ... ಕೌದಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕುಳಿತೆ.

ಅನಗೋಳದ ಅಂಗಡಿಯಲ್ಲಿ, ಸಾಫ್ಟ್‌ವೇರ್ ಹಾಕುವಾಗ ಪರದೆಯ ಮೇಲೆ ಏನು ಬರೆದು ಬಂತು ಎಂದು ಮಹಾದೇವಣ್ಣ ಕೇಳಿದರು. ಎರಡು ಸಲ ಕೇಳಿದರು.

"ಅಣ್ಣಾರ, ನನಗ ಇಂಗ್ಲಿಷ್ ಓದಾಕ ಬರಂಗಿಲ್ರೀ."

ಅವರು ನಗಲಿಲ್ಲ. x86 ಇರುವ ಫೋಲ್ಡರ್ 32 ಬಿಟ್‌ನದಕ್ಕೆ, ಬರೀ ಹೆಸರಿನದು 64ಕ್ಕೆ ಎಂದರು. ತಾನಾಗಿ ತೋರಿಸಿದ ಜಾಗವನ್ನು ಮುಟ್ಟದಿದ್ದರೆ ಸಾಕಂತೆ. ಡಿಸೈನ್‌ಗಳೆಲ್ಲ ಬೇರೆ ಕಡೆ ಇದ್ದವು, ಒಂದೂ ಹೋಗಿರಲಿಲ್ಲ.

ಎರಡನ್ನೂ ತೆಗೆದುಹಾಕಿ ಮೌಸನ್ನು ನನ್ನ ಕಡೆ ತಳ್ಳಿದರು. "ತಂಗಿ, ಈಗ ನೀನ ಹಾಕು."

ಹಾಕಿದೆ. ಎರಡೂ ತೆರೆದವು.

ಸಂಜೆ ಅಂಗಡಿಗೆ ಬಂದು ವೈನಿಗೂ ಹೇಳಿಬಿಟ್ಟೆ. ಅವರು ಸೂಜಿಗೆ ದಾರ ಪೋಣಿಸುತ್ತಿದ್ದರು, ತಲೆ ಎತ್ತಲಿಲ್ಲ.

"ನನಗರ ಇಂಗ್ಲಿಷ್ ಎಲ್ಲಿ ಬರತೈತಿ? ಅದಕ್ಕಲ್ಲೇನ ನಿನ್ನ ಅಲ್ಲಿ ಕುಂದರಿಸಿದ್ದು. ಬ್ಲೌಸ್ ಮುಗಸು ಮೊದಲ."

ಈಗ ಸಿಪಿಯು ಮೇಲೆ ನನ್ನದೇ ಅಕ್ಷರದ ಒಂದು ಕನ್ನಡ ಚೀಟಿ ಇದೆ: 'x86 ಇದ್ದರೆ 32, ಬರೀ ಹೆಸರಿದ್ದರೆ 64.' ಲೋಂಡಾದಲ್ಲಿ ವೈನಿಯ ತಂಗಿ ಹೊಸ ಕಂಪ್ಯೂಟರ್ ತಂದಿದ್ದಾರೆ, ಸಾಫ್ಟ್‌ವೇರ್ ಹಾಕಿಕೊಡಲು ನನ್ನನ್ನೇ ಕರೆದಿದ್ದಾರೆ. ಈ ಸಲ ಕೌದಿ ಬೇಕಿಲ್ಲ.

'ನನಗೆ ಬರುವುದಿಲ್ಲ' ಎನ್ನಲು ನನಗೆ ಎಂಟು ತಿಂಗಳು ಹಿಡಿಯಿತು... ನಿಮಗೆ?