ಟೇಲರ್ ಮಾಸ್ತರ

ವಿಜಾಪುರದ ಕಾಲೇಜಿನಲ್ಲಿ ಗಣಿತ ಹೇಳುವ ಚಮನಸಾಬರಿಗೆ ಹುಡುಗರಿಟ್ಟ ಹೆಸರು ಟೇಲರ್ ಮಾಸ್ತರ. ಅದನ್ನು ನಂಬಿ ತಿಕೋಟಾದ ಮುದುಕಿಯೊಬ್ಬಳು ಕುಪ್ಪಸದ ಬಟ್ಟೆ ಹಿಡಿದು ಅವರ ಮನೆಗೇ ಬಂದಿದ್ದಳು. "ಆ ಟೇಲರ್ ಬ್ಯಾರೆ ಯವ್ವಾ, ಇಂಗ್ಲೆಂಡಿನ ಗಣಿತದಾಂವ, ಅಂವ ಅಂಕಿ ಹೊಲಿತಿದ್ದ," ಎಂದು ಮಾಸ್ತರರು ಹೇಳಿದರೆ, "ಹಂಗಾದ್ರ ಅಂವನ ಅಂಗಡಿ ಎಲ್ಲೈತ್ರಿ?" ಎಂದಳಂತೆ. ಒಂದು ಫಂಕ್ಷನ್ನಿಗೆ ಸೊನ್ನೆಯಲ್ಲಿ ಹತ್ತನೆಯ ಡೆರಿವೇಟಿವ್ ಕೇಳಿದಾಗ ಹತ್ತು ಸಲ ಡಿಫರೆನ್ಶಿಯೇಟ್ ಮಾಡಲು ಕೂರುವವರನ್ನು ಕಂಡರೆ ಮಾಸ್ತರರಿಗೆ ಆಗದು. "ಇಲ್ಲೇ ಮಗ್ಗಲದ ಬಬಲೇಶ್ವರಕ್ಕ ಹೋಗಾಕ ಸೊಲ್ಲಾಪುರ ಸುತ್ತತೀ ಏನಲೇ? ಟೇಲರ್ ಶ್ರೇಣಿ ಬರಿ, ಎಕ್ಸಿನ ಹತ್ತನೇ ಘಾತಕ್ಕ ಹತ್ತಿದ ಅಂಕಿ ಹಿಡಿ, ಹತ್ತರ ಫ್ಯಾಕ್ಟೋರಿಯಲ್‌ಲೆ ಗುಣಸು." ಆ ಗುಣಾಕಾರ ಮರೆತವನಿಗೆ, "ಬೀಗರನ್ನ ಕರದು ಉಣ್ಣಾಕ ನೀಡದ ಕಳಿಸಿದಿ ನೋಡಲೇ," ಎನ್ನುವರು. ಈ ಹಟವೆಲ್ಲ ಬರೀ ಜಾಣತನದ್ದೆಂದು ಹುಡುಗರು ಎಣಿಸಿದ್ದರು. ಆದರೆ ಮಾಸ್ತರರ ಕಣ್ಣು ಮಂಜಾಗುತ್ತಿದೆ. ಹತ್ತು ಸಾಲು ಬರೆದರೆ ಮೊದಲ ಸಾಲು ಓದಲಾಗದು, ಶ್ರೇಣಿಯಾದರೆ ಬಾಯಿಪಾಠ. ಮೇಲಿನವರಿಗೆ ತಿಳಿದರೆ ಪಾಠ ಹೇಳುವುದು ತಪ್ಪುತ್ತದೆ. ಮೊನ್ನೆ ಅವರ ಸೀಮೆಸುಣ್ಣ ಕರಿಹಲಗೆ ದಾಟಿ ಗೋಡೆಯ ಮೇಲೆ ಹೋಯಿತು. ಯಾರೂ ನಗಲಿಲ್ಲ. ಘೋಣಸಗಿಯ ಸತ್ಯವ್ವ ಎದ್ದು, "ಸರ, ನೀವು ಹೇಳ್ರಿ, ನಾ ಬರೀತೇನಿ. ನಂದೂ ಕೈ ಪಳಗಲಿ," ಎಂದಳು. ಅಂದಿನಿಂದ ಆ ವರ್ಗದಲ್ಲಿ ಎಲ್ಲರೂ ಪಾಳಿ ಹಚ್ಚಿಕೊಂಡು ಕೈ ಪಳಗಿಸುತ್ತಿದ್ದಾರೆ.