ಬಾಲ ಎಲ್ಲದ?

ಅಕ್ಕ ರಾಯಚೂರಿನ ಒಂದು ಆಸ್ಪತ್ರೆಯಲ್ಲಿ ಆಯಾ. ರೋಗಿಗಳ ಕಫ ಎಳೆಯುವ ಕರೆಂಟಿನ ಮಷೀನು ಒರೆಸುವ ಮೊದಲು ಅದರ ಪ್ಲಗ್ಗು ಕಿತ್ತು, ಅತ್ತೆಯ ಬೀಗದ ಕೈ ಸಿಕ್ಕ ಸೊಸೆಯಂತೆ ಸೊಂಟಕ್ಕೆ ಸಿಗಿಸಿಕೊಳ್ಳುತ್ತಿದ್ದಳು. ಆಮೇಲೆಯೇ ಹಿಂಡಿದ ಬಟ್ಟೆ. ಪ್ಲಗ್ಗಿಗೆ ಅವಳು ಬಾಲ ಎನ್ನುತ್ತಿದ್ದಳು. ಯಾರೇ ಮಷೀನು ಮುಟ್ಟಲಿ, "ಬಾಲ ಎಲ್ಲದ?" ಎಂದು ಕೇಳುವಳು. ಒಮ್ಮೆ ದೊಡ್ಡ ಡಾಕ್ಟರನ್ನೂ ಕೇಳಿದಳು. ಅವರು ಗಾಬರಿಯಿಂದ ತಮ್ಮ ಹಿಂಭಾಗ ನೋಡಿಕೊಂಡರು.

ಮೂರನೇ ಇಯತ್ತೆ ದಾಟದ ನನಗೂ ಅಲ್ಲಿ ಕೆಲಸ ಕೊಡಿಸಿದವಳು ಅವಳೇ. ಒಂದು ಮಧ್ಯಾಹ್ನ ಅವಳಿಲ್ಲದಾಗ ಆ ಮಷೀನಿಗೆ ಎಮ್ಮೆ ತೊಳೆದಂತೆ ತಂಬಿಗೆ ನೀರು ಸುರಿದೆ. ಅದು ಚಟ್ ಎಂದು ಸತ್ತಿತು.

"ಯಾರು ತೊಳದೋರು?" ಎಂದರು ಡಾಕ್ಟರು. ನಾನು ನೆಲ ನೋಡಿದೆ.

"ನಾನೇ ರೀ ಸಾಹೇಬ್ರ," ಎಂದಳು ಅಷ್ಟರಲ್ಲಿ ಬಂದಿದ್ದ ಅಕ್ಕ.

ಅವಳನ್ನು ದೇವದುರ್ಗಕ್ಕೆ ವರ್ಗ ಮಾಡಿದರು. ನನ್ನ ಕೆಲಸ ಉಳಿಯಿತು.

ಬಸ್ಸು ಹತ್ತಿ ಕಿಟಕಿಯಿಂದ ಕೇಳಿದಳು: "ಖರೇ ಹೇಳು ಲೇ, ಬಾಲ ಕಿತ್ತಿದ್ಯಾ?"

"ಕಿತ್ತಿದ್ದೆ ಅಕ್ಕ."

"ಹಂಗಾದ್ರ ಮಷೀನು ಹಾಳಾಗಿ ಹೋಗ್ಲಿ."

ಪ್ಲಗ್ಗು ಗೋಡೆಯಲ್ಲೇ ಇತ್ತು. ನಿಜ ಹೇಳುವಷ್ಟರಲ್ಲಿ ಬಸ್ಸು ಹೊರಟುಬಿಟ್ಟಿತೆಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಬಸ್ಸು ಇನ್ನೂ ಅರ್ಧ ತಾಸು ಅಲ್ಲೇ ನಿಂತಿತ್ತು.